ಅಪ್‌ಡೇಟ್: ಆನ್‌ಲೈನ್‌ನಲ್ಲಿ ಅರ್ಧ ಬೆಲೆಯ ಬಿಡಿಭಾಗಗಳು

ನನ್ನ ಹಳೆಯ ಆಲ್ಟೊಗೆ ವೈಪರ್ ಬ್ಲೇಡ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್‌ಗಳನ್ನು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ತರಿಸಬಹುದೇ ಎಂದು ಕೇಳಿದ್ದೆ. ಆಮೇಲೇನಾಯಿತು ಎಂದು ವಿಚಾರಿಸಿದವರಿಗೆ ಈ ಉತ್ತರ.

ವೈಪರ್ ಚೆನ್ನಾಗಿದೆ. ಏರ್ ಫಿಲ್ಟರ್ ನೋಡಲು ಥೇಟ್ ಅಸಲಿಯಂತೆಯೇ ಇತ್ತು. ಆದರೆ ಕೂರಿಸಿದಾಗ ಸುತ್ತಲಿನ ರಬ್ಬರ್ ಅಂಚು ಒಂದು ಮೂಲೆಯಲ್ಲಿ ಒತ್ತಿಕೊಳ್ಳಲೇ ಇಲ್ಲ. ಆ ಸಂದಿಯಿಂದ ಸೋಸದ ಧೂಳು ನೇರವಾಗಿ ಎಂಜಿನ್‌ಗೆ ಹೋಗುತ್ತದೆ. ಫಿಲ್ಟರ್ ಹಾಕಿಯೂ ಹಾಕದ ಹಾಗೆ. ಮಾರಾಟಗಾರ ಚಕಾರವೆತ್ತದೆ ಹಣ ಮರಳಿಸಿದ. ಇಂಥ ದೂರು ಅವನಿಗೆ ಹೊಸದಲ್ಲವೆಂದು ಕಾಣುತ್ತದೆ.

ಬ್ರೇಕ್ ಪ್ಯಾಡ್ ಮಾತ್ರ ತರಿಸಲಿಲ್ಲ. ಕಳಪೆ ಪ್ಯಾಡಿನಲ್ಲಿ ಉಕ್ಕಿನ ತಟ್ಟೆಗೆ ಅಂಟಿಸಿದ ಘರ್ಷಣೆಯ ಪದರವೇ ಬಿಸಿಗೆ ಕಿತ್ತುಬರಬಹುದು ಎಂದು ಮೆಕ್ಯಾನಿಕ್ ವಿವರಿಸಿದ ಮೇಲೆ ಉಳಿತಾಯದ ಆಸೆ ಇಳಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಪ್ಯಾಡನ್ನೇ ಮುಂದಿಟ್ಟು, ಪಾರ್ಟ್ ನಂಬರ್ ತಾಳೆ ನೋಡಿ, ಜಿಎಸ್‌ಟಿ ಬಿಲ್ ಸಮೇತ ಕೊಂಡೆ. ಒಂದೇ ಮಾದರಿಯ ಕಾರಿನಲ್ಲೂ ತಯಾರಾದ ವರ್ಷಕ್ಕೆ ತಕ್ಕಂತೆ ಬಿಡಿಭಾಗ ಬದಲಾಗಿರಬಹುದು. ಹೆಸರು ನೋಡಿ ಕೊಳ್ಳುವವರು ಇದನ್ನು ಗಮನಿಸಬೇಕು.

ಮುಂದಿನ ಸರದಿ ಕ್ಲಚ್ ಪ್ಲೇಟಿನದು. ಆನ್‌ಲೈನ್ ಬೆಲೆಯನ್ನು ಈಗಲೂ ನೋಡುತ್ತಿದ್ದೇನೆ, ಅಂಗಡಿಯಲ್ಲಿ ಚೌಕಾಸಿ ಮಾಡುವುದಕ್ಕೆ.