ಜೈಲಿಗಿಂತ ಮೊದಲು ಬೇಲಿ

ದೊಡ್ಡಪ್ಪ, ನಮಸ್ಕಾರ. ನಮ್ಮ ಈ ಗುಂಪಿನಲ್ಲಿ ಕೃಷಿ ಹೊಂಡಕ್ಕೆ ಬಿದ್ದು ತೀರಿಕೊಂಡ ಮಗುವಿನ ಸುದ್ದಿ ಹಾಕಿ, ‘ತಂದೆ ತಾಯಿಯನ್ನು ಜೈಲಿಗೆ ಹಾಕಿದರೆ ಉಳಿದವರಿಗೆ ಬುದ್ಧಿ ಬರುತ್ತದೆ’ ಎಂದಿದ್ದೀರಿ. ಸಂಕಟದಿಂದ ಬಂದ ಮಾತೆಂದು ಗೊತ್ತು. ಆದರೂ ನಾನು ಒಪ್ಪಲಾರೆ.

ಕಾನೂನೇನೋ ಇದೆ. ನಿರ್ಲಕ್ಷ್ಯದಿಂದ ಸಾವಾದರೆ ಹಿಂದಿನ ದಂಡ ಸಂಹಿತೆಯಲ್ಲಿ 2 ವರ್ಷದವರೆಗೆ ಜೈಲು ಇತ್ತು. 2024ರ ಜುಲೈನಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು 5 ವರ್ಷಕ್ಕೆ ಏರಿಸಿತು. ಎರಡು ಐದಾಯಿತೆಂದು ಯಾವ ತಾಯಿ ಮಗುವನ್ನು ಹೆಚ್ಚು ಜೋಪಾನ ಮಾಡಿಯಾಳು? ಮಗುವೇ ಹೋದೀತೆಂಬ ಭಯಕ್ಕಿಂತ ದೊಡ್ಡ ಭಯ ಯಾವ ಕೋರ್ಟಿನಲ್ಲಿದೆ?

ಶಿರಸಿ ಕಡೆಯ ನಮ್ಮ ಮನೆಗಳನ್ನೇ ನೋಡಿ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನ ಅಂಗಳ ತುಂಬಾ ಅಡಿಕೆ, ಒಳಗೆ ಆಳುಗಳ ಊಟದ ತಯಾರಿ. ಮಗು ಅಜ್ಜಿಯ ಹತ್ತಿರವಿದೆ ಎಂದು ತಾಯಿ, ತಾಯಿಯ ಹತ್ತಿರವಿದೆ ಎಂದು ಅಜ್ಜಿ. ನಾಲ್ಕೈದು ನಿಮಿಷ ಸಾಕು. ಇವರಲ್ಲಿ ಯಾರನ್ನು ಜೈಲಿಗೆ ಕಳಿಸುತ್ತೀರಿ? ಶಿಕ್ಷೆಯ ಹೆದರಿಕೆ ನಾಟುವುದು ಗೊತ್ತಿದ್ದೂ ತಪ್ಪು ಮಾಡುವವನಿಗೆ. 18 ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಕುಮಟಾ ಹೆದ್ದಾರಿಗೆ ಬಿಡುವ ಅಪ್ಪನಿದ್ದಾನಲ್ಲ, ಅವನ ಮೇಲೆ ಕೇಸು ಹಾಕಲಿ, ನನ್ನದೇನೂ ತಕರಾರಿಲ್ಲ. ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕೀಲಿ ಕೊಡುವ ಮುನ್ನ ಯೋಚಿಸಲು ಅವನಿಗೆ ಸಮಯವಿರುತ್ತದೆ. ಕಣ್ತಪ್ಪಿದವಳಿಗೆ ಅದೆಲ್ಲಿ?

ಇನ್ನೊಂದು ಆತಂಕವೂ ಇದೆ. ಜೈಲಿನ ಭಯ ಹುಟ್ಟಿದರೆ ಮನೆಯವರು ನಡೆದದ್ದನ್ನು ನಡೆದಂತೆ ಹೇಳುವುದಿಲ್ಲ. ಬೇಲಿ ಎಲ್ಲಿ ಮುರಿದಿತ್ತು, ಮಗು ಯಾವ ದಾರಿಯಲ್ಲಿ ಹೋಯಿತು ಎಂಬುದು ಪಕ್ಕದ ಮನೆಗೂ ತಿಳಿಯದೇ ಹೋಗುತ್ತದೆ.

ಹೊಂಡದ ಅಂಚಿಗೆ ಹೋಗಿ ನಿಂತು ನೋಡಿದ್ದೀರಾ? ಪ್ಲಾಸ್ಟಿಕ್ ಹೊದಿಕೆಯ ಮೇಲೆ ಪಾಚಿ ಕಟ್ಟಿ ಲೋಳೆಯಾಗಿರುತ್ತದೆ. ಬಿದ್ದ ಮಗು ಹಾಗಿರಲಿ, ಎತ್ತಲು ಇಳಿದ ದೊಡ್ಡವರಿಗೂ ಕಾಲೂರಲು ಜಾಗವಿಲ್ಲ. ಸುತ್ತ ಬೇಲಿ, ಚಿಲಕವಿರುವ ಗೇಟು, ದಡದ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಇಷ್ಟಿದ್ದರೆ ಒಂದು ಜೀವ ಉಳಿದೀತು. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ತಂತಿ ಬೇಲಿಯೂ ಸೇರಿದೆ. ಹೊಂಡ ತೋಡಿಸಿ ಬೇಲಿಯನ್ನು ಮುಂದಿನ ವರ್ಷಕ್ಕೆ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ದೊಡ್ಡಪ್ಪ, ಸೊಸೈಟಿಯ ಸಭೆಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಊರಿನಲ್ಲಿ ಬೇಲಿ ಇಲ್ಲದ ಹೊಂಡಗಳು, ಕಟ್ಟೆ ಇಲ್ಲದ ಬಾವಿಗಳು ಯಾರ ಯಾರ ತೋಟದಲ್ಲಿವೆ ಎಂದು ಈ ಸಲ ಕೇಳಿಬಿಡಿ. ಮತ್ತೆ, ಮಗುವನ್ನು ಕಳೆದುಕೊಂಡ ಆ ಮನೆಯವರು ಈ ಗುಂಪಿನಲ್ಲಿರುವ ಕೆಲವರಿಗೆ ನೆಂಟರು. ದಯವಿಟ್ಟು ಆ ಜೈಲಿನ ಮಾತನ್ನು ಅಳಿಸಿಬಿಡಿ.