ಅಪ್‌ಡೇಟ್: ಟೆಫ್ಲಾನ್ ಅಳತೆಯಲ್ಲಿ 9.9 ಗಿಗಾಹರ್ಟ್ಜ್ ಹತ್ತಿರದ ಜಿಗಿತ

ಎಕ್ಸ್ ಬ್ಯಾಂಡ್ (8.2ರಿಂದ 12.4 ಗಿಗಾಹರ್ಟ್ಜ್) ವೇವ್‌ಗೈಡ್‌ನಲ್ಲಿ, ಅಂದರೆ ಮೈಕ್ರೋವೇವ್ ಅಲೆಗಳು ಸಾಗುವ ಲೋಹದ ಕೊಳವೆಯಲ್ಲಿ, 12 ಮಿ.ಮೀ. ದಪ್ಪದ ಟೆಫ್ಲಾನ್ ತುಂಡಿಟ್ಟು ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎನ್ನುವ ಸಂಖ್ಯೆ) ಅಳೆದರೆ 9.9 ಗಿಗಾಹರ್ಟ್ಜ್ ಹತ್ತಿರ ಆ ಸಂಖ್ಯೆ ಹುಚ್ಚಾಪಟ್ಟೆ ಜಿಗಿಯುತ್ತದೆ, ಯಾಕೆ ಅಂತ ಕೇಳಿದ್ದೆ ಅಲ್ವಾ, ಕಾರಣ ಸಿಕ್ಕಿತು. ಕ್ಯಾಲಿಬ್ರೇಷನ್ ತಪ್ಪಲ್ಲ. ಆ ಫ್ರೀಕ್ವೆನ್ಸಿಯಲ್ಲಿ ತುಂಡಿನ ದಪ್ಪ ಅದರೊಳಗಿನ ಅಲೆಯ ಉದ್ದದ ಅರ್ಧದಷ್ಟಾಗುತ್ತದೆ. ಆಗ ಎರಡೂ ಮುಖಗಳಿಂದ ವಾಪಸ್ ಬರುವ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಎಸ್11 (ತುಂಡಿನಿಂದ ವಾಪಸ್ ಬರುವ ಅಲೆಯ ಅಳತೆ) ಸೊನ್ನೆಯ ಹತ್ತಿರ ಬರುತ್ತದೆ, ವಾಪಸ್ ಬಂದ ಮತ್ತು ದಾಟಿ ಹೋದ ಅಲೆಗಳಿಂದ ಪರ್ಮಿಟಿವಿಟಿ ಕಂಡುಹಿಡಿಯುವ ನಿಕಲ್ಸನ್-ರಾಸ್-ವೇರ್ ಲೆಕ್ಕಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. 6 ಮಿ.ಮೀ.ಗೆ ಕತ್ತರಿಸಿ ಅಳೆದೆ. 8.2ರಿಂದ 12.4 ಗಿಗಾಹರ್ಟ್ಜ್‌ವರೆಗೂ ಪರ್ಮಿಟಿವಿಟಿಯ ಗೆರೆ ನೇರ, 2.05ರ ಆಸುಪಾಸು! ದಪ್ಪ ತುಂಡೇ ಬೇಕಿದ್ದರೆ, ಟೆಫ್ಲಾನ್‌ಗೆ ಕಾಂತಗುಣ ಇಲ್ಲವಾದ್ದರಿಂದ ಮ್ಯೂ (ಕಾಂತಗುಣದ ಸಂಖ್ಯೆ) 1 ಅಂತ ಇಟ್ಟುಕೊಂಡು ಲೆಕ್ಕ ಮಾಡಿ, ಜಿಗಿತ ಹೋಗುತ್ತದೆ. ತುಂಡು ಮಾತ್ರ ಗೈಡ್‌ನ 10.16 ಮಿ.ಮೀ. ಎತ್ತರಕ್ಕೆ ಬಿಗಿಯಾಗಿ ಕೂರಬೇಕು, ಕೂದಲೆಳೆಯಷ್ಟು ಗಾಳಿ ಉಳಿದರೂ ಪರ್ಮಿಟಿವಿಟಿ ಕಡಿಮೆ ಬರುತ್ತದೆ. ದಪ್ಪ ಎಷ್ಟು ಅಂತ ಕೇಳಿದವರಿಗೆ ತುಂಬಾ ಥ್ಯಾಂಕ್ಸ್.