ಜಾರ್ಜ್ ಬೆನ್ ಅವರ ಸಾಂಬಾ: ಸಂಕಲನ ಕೇಳಿದ ಮೇಲೆ ಯಾವ ಆಲ್ಬಂ?

ಪ್ರಶ್ನೆ: ತುಮಕೂರಿನ ಕೇಳುಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ರಾಕ್ ಸಂಗೀತ ತಂಡ ಟಾಕಿಂಗ್ ಹೆಡ್ಸ್‌ನ ಡೇವಿಡ್ ಬರ್ನ್ ಅವರು ಬ್ರೆಜಿಲ್‌ನ ಹಾಡುಗಳನ್ನು ಆಯ್ದು 1989ರಲ್ಲಿ ಹೊರತಂದ ‘ಬೆಲೆಜಾ ಟ್ರಾಪಿಕಾಲ್’ ಎಂಬ ಸಂಕಲನವನ್ನು ನಾನು ಬೆಂಗಳೂರಿಗೆ ಹೋಗಿಬರುವ ರೈಲಿನಲ್ಲಿ ಈಚೆಗೆ ಕೇಳುತ್ತಿದ್ದೇನೆ. ಕಾಯೆಟಾನೊ ವೆಲೊಸೊ, ಗಿಲ್ಬರ್ಟೊ ಗಿಲ್, ಗಾಲ್ ಕೋಸ್ಟಾ ಮೊದಲಾದ ದೊಡ್ಡವರೆಲ್ಲ ಅದರಲ್ಲಿದ್ದಾರೆ. ಆದರೆ ಮೊಟ್ಟಮೊದಲ ಹಾಡಾದ ‘ಉಂಬಾಬರಾವುಮಾ’ ನನ್ನನ್ನು ಹಿಡಿದು ನಿಲ್ಲಿಸಿದಂತೆ ಉಳಿದ ಯಾವುದೂ ನಿಲ್ಲಿಸಲಿಲ್ಲ. ಅದನ್ನು ಹಾಡಿದವರು ಜಾರ್ಜ್ ಬೆನ್. ಅದೇ ಸಂಕಲನದಲ್ಲಿ ಅವರ ‘ಫಿಯೊ ಮರವಿಲ್ಯಾ’ ಮತ್ತು ಗೆಲಿಲಿಯೊ ಹೆಸರಿರುವ ಇನ್ನೊಂದು ಹಾಡೂ ಇವೆ. ಮೂರನ್ನೂ ಒಬ್ಬರೇ ಹಾಡಿದ್ದಾರೆಂಬುದು ಕಿವಿಗೆ ತಿಳಿಯುತ್ತದೆ, ಆದರೆ ಮೊದಲನೆಯದರ ವಾದ್ಯಗಳ ಸದ್ದು ಉಳಿದೆರಡಕ್ಕಿಂತ ಬಹಳ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬಂತು, ಮತ್ತು ಅವರನ್ನು ಕ್ರಮವಾಗಿ ಕೇಳಬೇಕಾದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಲಾರದಿಂದ

ನನ್ನ ಅಭಿಪ್ರಾಯದಲ್ಲಿ 1963ರ ಮೊದಲ ಆಲ್ಬಂ ‘ಸಾಂಬಾ ಎಸ್ಕೆಮಾ ನೋವೊ’ದಿಂದಲೇ ಆರಂಭಿಸುವುದು ಸರಿ. ‘ಮಾಸ್ ಕೆ ನಾಡಾ’ ಇರುವುದು ಅದರಲ್ಲಿಯೇ. 1966ರಲ್ಲಿ ಸೆರ್ಜಿಯೊ ಮೆಂಡಿಸ್ ಅವರ ತಂಡ ಹಾಡಿದ ಮೇಲೆ ಆ ಹಾಡು ಲೋಕಪ್ರಸಿದ್ಧವಾದದ್ದರಿಂದ, ಅದನ್ನು ರಚಿಸಿದವರು ಬೆನ್ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಜೊವಾವ್ ಗಿಲ್ಬರ್ಟೊ ಮುಂತಾದವರ ಬೋಸಾ ನೋವಾ (ಬ್ರೆಜಿಲ್‌ನ ಕುಣಿತದ ಸಂಗೀತವಾದ ಸಾಂಬಾದಿಂದ ಹುಟ್ಟಿದ ಹಾಡಿನ ಶೈಲಿ) ಮೆಲುದನಿಯಲ್ಲಿ ಸಾಗುತ್ತಿದ್ದ ಕಾಲದಲ್ಲಿ ತರುಣ ಬೆನ್ ಗಿಟಾರನ್ನೇ ತಾಳವಾದ್ಯದಂತೆ ಬಾರಿಸುತ್ತ ಬಂದದ್ದು ಹೊಸತಾಗಿತ್ತು. ಆ ಬಾರಿಸುವಿಕೆ ಕಿವಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

ಉತ್ತರ: ಚಿಂತಾಮಣಿಯಿಂದ

ಕೋಲಾರದವರ ಮಾತನ್ನು ಗೌರವಿಸುತ್ತಲೇ ನಾನು ಬೇರೆ ದಾರಿ ಸೂಚಿಸುತ್ತೇನೆ. ನಿಮ್ಮ ಸಂಕಲನದ ಮೂರು ಹಾಡುಗಳಲ್ಲಿ ಫಿಯೊ ಮತ್ತು ಗೆಲಿಲಿಯೊ ಹಾಡುಗಳೆರಡೂ 1972ರ ‘ಬೆನ್’ ಆಲ್ಬಂನವು. ‘ಉಂಬಾಬರಾವುಮಾ’ 1976ರ ‘ಆಫ್ರಿಕಾ ಬ್ರಾಸಿಲ್’ ಆಲ್ಬಂನ ಮೊದಲ ಹಾಡು. ಅಲ್ಲಿ ಅವರು ಸಾದಾ ಗಿಟಾರನ್ನು ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಅಮೆರಿಕದ ಫಂಕ್ ಎಂಬ ಕುಣಿತದ ಸಂಗೀತದ ಲಯವನ್ನು ಸಾಂಬಾದೊಳಗೆ ಬೆಸೆದರು. ನೀವು ಗುರುತಿಸಿದ ವ್ಯತ್ಯಾಸಕ್ಕೆ ಕಾರಣ ಇದೇ.

ಇದನ್ನು ಸ್ಪಷ್ಟವಾಗಿ ಕಾಣಲು ಒಂದು ಒಳ್ಳೆಯ ಉಪಾಯವಿದೆ. ಷಹಜಹಾನ್ ಮತ್ತು ಮಮ್ತಾಜರ ಪ್ರೇಮವನ್ನು ಕುರಿತ ‘ತಾಜ್ ಮಹಲ್’ ಎಂಬ ಹಾಡನ್ನು ಅವರು ಈ ಎರಡೂ ಆಲ್ಬಂಗಳಲ್ಲಿ ಹಾಡಿದ್ದಾರೆ. 1972ರದನ್ನು ಕೇಳಿ, ಕೂಡಲೇ 1976ರದನ್ನು ಕೇಳಿ. ಆಗ್ರಾದ ಕಥೆ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಗಾಯಕನ ದನಿಯಲ್ಲಿ ಇಷ್ಟು ಸಂಭ್ರಮದಿಂದ ಬರುವುದನ್ನು ನಮ್ಮ ದೇಶದವರು ಹೆಚ್ಚಾಗಿ ಕೇಳಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಬ್ರಿಟನ್ನಿನ ಗಾಯಕ ರಾಡ್ ಸ್ಟೀವರ್ಟ್ ಅವರ 1978ರ ಪ್ರಸಿದ್ಧ ಹಾಡಿನ ಪಲ್ಲವಿ ‘ತಾಜ್ ಮಹಲ್’ನ ಮಟ್ಟನ್ನೇ ಹೋಲುತ್ತಿದ್ದುದರಿಂದ ಬೆನ್ ಕೃತಿಚೌರ್ಯದ ದೂರು ನೀಡಿದರು, ವಿವಾದ ರಾಜಿಯಲ್ಲಿ ಮುಗಿಯಿತು. ಸ್ಟೀವರ್ಟ್ ತಮ್ಮ ಆತ್ಮಕಥೆಯಲ್ಲಿ ಅದು ಅರಿವಿಲ್ಲದೆ ಆದದ್ದೆಂದು ಒಪ್ಪಿಕೊಂಡಿದ್ದಾರೆ.

ತಾಳದ ಬಗ್ಗೆಯೂ ಒಂದು ಮಾತು. ಸಾಂಬಾ ಎರಡೆಣಿಕೆಯ ತಾಳ. ಸುರ್ದೊ ಎಂಬ ದೊಡ್ಡ ಚರ್ಮವಾದ್ಯದ ಭಾರವಾದ ಪೆಟ್ಟು ಎರಡನೆಯ ಎಣಿಕೆಗೆ ಬೀಳುತ್ತದೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ತಮಟೆಯ ಗತ್ತುಗಳನ್ನು ಕೇಳಿ ಬೆಳೆದವರಿಗೆ, ಪೆಟ್ಟುಗಳ ನಡುವಿನ ಖಾಲಿ ಜಾಗವೇ ಹೆಜ್ಜೆಯನ್ನು ಎಳೆಯುವ ಈ ಬಗೆ ಬೇಗ ಒಗ್ಗುತ್ತದೆ. ‘ಆಫ್ರಿಕಾ ಬ್ರಾಸಿಲ್’ನಲ್ಲಿ ನಡುನಡುವೆ ನರಳಿದಂತೆ ಕೇಳುವ ದನಿ ಕುಯಿಕಾದ್ದು. ಅದು ಚರ್ಮಕ್ಕೆ ಒಳಗಿನಿಂದ ಕಟ್ಟಿದ ಕಡ್ಡಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ ನುಡಿಸುವ ವಾದ್ಯ.

ತುಮಕೂರಿನ ಕೇಳುಗ

ತಮಗಿಬ್ಬರಿಗೂ ಧನ್ಯವಾದಗಳು. ‘ತಾಜ್ ಮಹಲ್’ನ ಎರಡೂ ರೂಪಗಳನ್ನು ಕೇಳಿದೆ. ಮೊದಲನೆಯದರಲ್ಲಿ ಗಿಟಾರ್ ದನಿಯ ಜೊತೆಗೇ ನಡೆಯುತ್ತದೆ, ಎರಡನೆಯದರಲ್ಲಿ ಇಡೀ ತಂಡ ದನಿಯನ್ನು ಮುಂದಕ್ಕೆ ತಳ್ಳುತ್ತದೆ. ನನಗೆ ಎರಡನೆಯದೇ ಹೆಚ್ಚು ಹಿಡಿಸಿತು. ಉಳಿದದ್ದು ಒಂದೇ ಸಂದೇಹ: ‘ಉಂಬಾಬರಾವುಮಾ’ ಮತ್ತು ‘ಫಿಯೊ’ ಎರಡೂ ಫುಟ್‌ಬಾಲ್ ಹಾಡುಗಳೇ?

ಉತ್ತರ: ಕೋಲಾರದಿಂದ

ಹೌದು. ಮೊದಲನೆಯದು ಆಫ್ರಿಕಾದ ಮುಂಚೂಣಿ ಆಟಗಾರನೊಬ್ಬನನ್ನು ಕುರಿತದ್ದು. ಎರಡನೆಯದು ಫ್ಲಮೆಂಗೊ ತಂಡದ ಫಿಯೊ ಎಂಬ ಆಟಗಾರ 1972ರಲ್ಲಿ ಮರಕಾನಾ ಕ್ರೀಡಾಂಗಣದಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ತಂಡದ ಎದುರು ಹೊಡೆದ ಗೋಲನ್ನು ಕೊಂಡಾಡುವುದು. ಬೆನ್ ಸ್ವತಃ ಫ್ಲಮೆಂಗೊ ಅಭಿಮಾನಿ. ಈ ಎರಡು ಆಲ್ಬಂಗಳ ನಡುವೆ, 1974ರಲ್ಲಿ ಬಂದ ‘ಎ ಟಾಬುವಾ ಡಿ ಎಸ್ಮೆರಾಲ್ಡಾ’ವನ್ನು ಬಿಡಬೇಡಿ. ರಸವಿದ್ಯೆಯನ್ನು ವಸ್ತುವಾಗಿಟ್ಟುಕೊಂಡ ಆ ಆಲ್ಬಂನಲ್ಲಿ ಸಾದಾ ಗಿಟಾರಿನ ಅವರ ಕೈ ಪೂರ್ತಿ ಪಳಗಿದೆ, ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೆಲಸ ಅದೇ. ಹುಡುಕುವಾಗ ಗಮನಿಸಿ: 1989ರಲ್ಲಿ ಅವರು ಜಾರ್ಜ್ ಬೆನ್ ಜೋರ್ ಎಂದು ಹೆಸರು ಬದಲಿಸಿಕೊಂಡದ್ದರಿಂದ ಹಳೆಯ ಹಾಡುಗಳು ಒಂದು ಹೆಸರಿನಲ್ಲಿ, ಹೊಸವು ಇನ್ನೊಂದು ಹೆಸರಿನಲ್ಲಿ ಸಿಗಬಹುದು.